ಬೈಲಾದಲ್ಲಿರುವ ‘ಖುದ್ದು ಹಾಜರಿ’ ಮತ್ತು ಪರಊರಿನ ಸದಸ್ಯರು: ನಮ್ಮ ಮಹಾಸಭೆಗೆ ಅಂತರ್ಜಾಲದ ಮೂಲಕ ಸೇರಿಕೊಳ್ಳಲು ದಾರಿ ಮಾಡುವುದು ಹೇಗೆ?

ಕಾರ್ಯದರ್ಶಿ, ಮಲೆನಾಡಿನ ಒಂದು ಗ್ರಂಥಾಲಯ ಸಂಘ

ಎಲ್ಲರಿಗೂ ನಮಸ್ಕಾರ. ನಮ್ಮದು ಒಂದು ವಾಚನಾಲಯವನ್ನೂ ವರ್ಷಕ್ಕೊಂದು ಉಪನ್ಯಾಸ ಮಾಲೆಯನ್ನೂ ನಡೆಸಿಕೊಂಡು ಬಂದಿರುವ ಸಣ್ಣ ಸಂಘ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಅಡಿಯಲ್ಲಿ ನೋಂದಣಿಯಾಗಿದೆ. ಸದಸ್ಯರ ಪಟ್ಟಿಯಲ್ಲಿ 212 ಹೆಸರುಗಳಿವೆ. ಅವರಲ್ಲಿ ತಾಲ್ಲೂಕಿನಲ್ಲೇ ಉಳಿದವರು 78 ಮಂದಿ. ಉಳಿದವರು ಬೆಂಗಳೂರು, ಪುಣೆ, ಮುಂಬಯಿ, ಮಸ್ಕತ್, ನ್ಯೂಜೆರ್ಸಿ ಹೀಗೆ ಹರಡಿಹೋಗಿದ್ದಾರೆ. ನಮ್ಮ ಬೈಲಾದ, ಅಂದರೆ ಸಂಘದ ಒಳನಿಯಮಗಳ, ಪ್ರಕಾರ ಸರ್ವಸದಸ್ಯರ ಸಭೆಗೆ ಮೂರನೆಯ ಒಂದು ಭಾಗದಷ್ಟು ಕೋರಂ (ಸಭೆ ನಡೆಯಲು ಹಾಜರಿರಲೇಬೇಕಾದ ಕನಿಷ್ಠ ಸದಸ್ಯರು) ಬೇಕು, ಎಂದರೆ 71 ಮಂದಿ. ಅಷ್ಟು ಜನ ಕೂಡಿದ್ದು ಯಾವಾಗ ಎಂದು ನಡಾವಳಿ ಪುಸ್ತಕವನ್ನು ತಿರುವಿ ನೋಡಬೇಕಾಗುತ್ತದೆ. ಹಲವು ಸಂಘಗಳ ಬೈಲಾದಲ್ಲಿರುವಂತೆ ನಮ್ಮಲ್ಲೂ ‘ಕೋರಂ ಆಗದಿದ್ದರೆ ಸಭೆಯನ್ನು ಅರ್ಧ ಗಂಟೆ ಮುಂದೂಡಿ, ಬಳಿಕ ಹಾಜರಿರುವವರನ್ನೇ ಕೋರಂ ಎಂದು ಭಾವಿಸಿ ನಡೆಸತಕ್ಕದ್ದು’ ಎಂಬ ನಿಯಮವಿದೆ. ಕಳೆದ ಮೂರು ವರ್ಷಗಳಿಂದ ನಾವು ನಡೆಸುತ್ತಿರುವುದು ಈ ಅರ್ಧ ಗಂಟೆಯ ಕೋರಂನ ಸಭೆಯನ್ನೇ. ಕಾಫಿ ಕುಡಿದು ಬರುತ್ತೇವೆ, ಇಪ್ಪತ್ತಾರು ಮಂದಿ ಕೂತು ಲೆಕ್ಕಪತ್ರ ಒಪ್ಪುತ್ತೇವೆ.

ಈ ಸಲ ಪರಊರಿನ ಸದಸ್ಯರಿಂದ ಲಿಖಿತ ಮನವಿ ಬಂದಿದೆ. ಅಂತರ್ಜಾಲದ ಮೂಲಕ ಸಭೆಯಲ್ಲಿ ಭಾಗವಹಿಸಲು ಅವಕಾಶ ಕೊಡಿ ಎಂದು. 2020 ಮತ್ತು 2021ರಲ್ಲಿ ಫೋನಿನಲ್ಲೇ ಎರಡು ಸಭೆ ಮುಗಿಸಿದ್ದೆವು, ಆಗ ಯಾರೂ ಆಕ್ಷೇಪಿಸಲಿಲ್ಲ. ಆದರೆ ನಮ್ಮ ಬೈಲಾದಲ್ಲಿ ಇರುವ ಮಾತು ‘ಸಭೆಗೆ ಖುದ್ದು ಹಾಜರಿರುವ ಸದಸ್ಯರು’ ಎಂದು. ಪರದೆಯ ಮೇಲೆ ಕಾಣುವವರು ಖುದ್ದು ಹಾಜರಿದ್ದಂತೆಯೇ? ಅವರನ್ನು ಕೋರಂಗೆ ಎಣಿಸಬಹುದೇ, ಅವರ ಮತ ನಡೆಯುತ್ತದೆಯೇ? ಇಂಥ ವ್ಯವಸ್ಥೆಯನ್ನು ಈಗಾಗಲೇ ಮಾಡಿಕೊಂಡಿರುವ ಸಂಘದವರು ಇದ್ದರೆ ದಯವಿಟ್ಟು ತಿಳಿಸಬೇಕು. ನಮ್ಮ ಸದಸ್ಯರಲ್ಲಿ ಕೆಲವರು ಇಲ್ಲಿ ಓದುತ್ತಿರುತ್ತಾರೆ, ಅವರೂ ಬರೆಯಲಿ.

ನಿವೃತ್ತ ಲೆಕ್ಕಪರಿಶೋಧಕ, ಮೈಸೂರು

ಕಾರ್ಯದರ್ಶಿಗಳೇ, ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಿಕೊಳ್ಳೋಣ. ‘ಕಂಪನಿಗಳು ಮಾಡುತ್ತಿವೆಯಲ್ಲ, ನಾವೇಕೆ ಮಾಡಬಾರದು’ ಎಂಬ ವಾದವನ್ನು ನಾನು ಮೂರು ಸಂಘಗಳಲ್ಲಿ ಕೇಳಿದ್ದೇನೆ. ಕಂಪನಿಗಳ ನಿರ್ದೇಶಕರ ಮಂಡಳಿಯ ಸಭೆಗೆ ವಿಡಿಯೊ ಮೂಲಕ ಹಾಜರಾಗಲು ಕಂಪನಿಗಳ ಅಧಿನಿಯಮ, 2013ರ 173ನೆಯ ಪ್ರಕರಣದಲ್ಲೇ ಅವಕಾಶವಿದೆ. ಆದರೆ ಷೇರುದಾರರ ಸಾಮಾನ್ಯ ಸಭೆಯ ಮಾತು ಬೇರೆ. ಕೋವಿಡ್ ಬಂದಾಗ ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ 2020ರ ಏಪ್ರಿಲ್ 8, ಏಪ್ರಿಲ್ 13 ಮತ್ತು ಮೇ 5ರಂದು ಸುತ್ತೋಲೆಗಳನ್ನು ಹೊರಡಿಸಿದ ಮೇಲಷ್ಟೇ ಅದಕ್ಕೆ ದಾರಿಯಾಯಿತು. ಆಮೇಲೆ ಅದರ ಅವಧಿಯನ್ನು ಮತ್ತೆ ಮತ್ತೆ ವಿಸ್ತರಿಸಲಾಯಿತು. ಆ ಸುತ್ತೋಲೆಗಳು ಕಂಪನಿಗಳಿಗೆ ಮಾತ್ರ. ನಿಮ್ಮಂಥ ಸಂಘಕ್ಕೆ ನಿಮ್ಮ ಅಧಿನಿಯಮ ಮತ್ತು ನಿಮ್ಮ ಬೈಲಾ, ಇವೆರಡೇ ಆಧಾರ.

ಹಾಗೆಂದು ಆ ಸುತ್ತೋಲೆಗಳನ್ನು ಓದಬಾರದು ಎಂದಲ್ಲ. ಅವು ಒಳ್ಳೆಯ ಮಾದರಿ. ವಿಡಿಯೊ ಮೂಲಕ ಹಾಜರಾದವರನ್ನು ಕೋರಂಗೆ ಎಣಿಸಬೇಕೆಂದು ಅವು ಸ್ಪಷ್ಟವಾಗಿ ಹೇಳಿದವು. ಸಭೆಯ ನಿಗದಿತ ಹೊತ್ತಿಗೆ 15 ನಿಮಿಷ ಮೊದಲೇ ಬಾಗಿಲು ತೆರೆದಿರಬೇಕು, ಆ ಹೊತ್ತು ಕಳೆದು 15 ನಿಮಿಷವಾಗುವ ತನಕ ಮುಚ್ಚಬಾರದು ಎಂದವು. ದೂರದಲ್ಲಿರುವವರು ಅಲ್ಲಿಂದಲೇ ಪ್ರಶ್ನೆ ಕೇಳುವಂತಿರಬೇಕು ಎಂದವು. ವಿಡಿಯೊ ಸಭೆಯಲ್ಲಿ ಪ್ರಾಕ್ಸಿಗೆ ಅವಕಾಶವಿಲ್ಲ ಎಂದವು. ತಾವೇ ಬರಬಹುದಾದವರಿಗೆ ಬದಲಿ ಆಳು ಏಕೆ ಎಂಬುದು ಅದರ ತರ್ಕ. ಇ-ಮತದಾನದ ವ್ಯವಸ್ಥೆ ಕಡ್ಡಾಯವಲ್ಲದ ಸಣ್ಣ ಕಂಪನಿಗಳಲ್ಲಿ ಮತ ಹಾಕಬೇಕಾಗಿ ಬಂದರೆ, ಕಂಪನಿ ಮೊದಲೇ ತಿಳಿಸಿದ ಒಂದು ಇ-ಮೇಲ್ ವಿಳಾಸಕ್ಕೆ ಸದಸ್ಯರು ಸಭೆ ನಡೆಯುತ್ತಿರುವಾಗಲೇ ತಮ್ಮ ಮತವನ್ನು ಬರೆದು ಕಳಿಸಬಹುದು ಎಂಬ ಸರಳ ಉಪಾಯವೂ ಅದರಲ್ಲಿತ್ತು.

ನಿಮ್ಮ ಮುಂದಿರುವುದು ನಾಲ್ಕು ಬೇರೆ ಬೇರೆ ಪ್ರಶ್ನೆಗಳು; ಒಂದೇ ಎಂದು ಗಂಟು ಹಾಕಬೇಡಿ. ದೂರದವರು ಸಭೆಯನ್ನು ಕೇಳಬಹುದೇ, ಮಾತನಾಡಬಹುದೇ, ಕೋರಂಗೆ ಸಲ್ಲುವರೇ, ಮತ ಹಾಕಬಹುದೇ? ಮೊದಲ ಎರಡಕ್ಕೆ ಅಧ್ಯಕ್ಷರ ಅನುಮತಿ ಸಾಕು. ನಾಳೆಯೇ ಶುರು ಮಾಡಿ. ಕೊನೆಯ ಎರಡಕ್ಕೆ ಬೈಲಾ ತಿದ್ದುಪಡಿಯಾಗಲೇಬೇಕು, ಅದೂ ಈಗಿನ ಬೈಲಾದಂತೆ ಕ್ರಮಬದ್ಧವಾಗಿ ಕರೆದ, ಖುದ್ದು ಹಾಜರಿಯ ಸಭೆಯಲ್ಲಿ. ಪರದೆಯ ಮೇಲಿನವರ ಮತವನ್ನು ಎಣಿಸಿ, ಪರದೆಯ ಮೇಲಿನವರಿಗೆ ಮತ ಕೊಡುವ ತಿದ್ದುಪಡಿಯನ್ನು ಪಾಸು ಮಾಡಿದರೆ ಅದು ಮೊದಲ ಪ್ರಶ್ನೆಗೇ ಬಿದ್ದುಹೋಗುತ್ತದೆ. ಪಾಸಾದ ತಿದ್ದುಪಡಿಯನ್ನು ಸಂಘಗಳ ನೋಂದಣಾಧಿಕಾರಿಗಳ ಕಚೇರಿಗೆ ಸಲ್ಲಿಸುವುದನ್ನೂ ಮರೆಯಬಾರದು.

ನ್ಯೂಜೆರ್ಸಿಯ ಸದಸ್ಯ

ಮನವಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಕಾನೂನಿನ ಮಾತನ್ನು ಬಲ್ಲವರು ಹೇಳಲಿ. ದೂರದಲ್ಲಿ ಕೂತವನ ಅನುಭವವನ್ನು ನಾನು ಹೇಳುತ್ತೇನೆ. ಬೇರೊಂದು ಸಂಘದ ಸಭೆಗೆ ಎರಡು ವರ್ಷದ ಹಿಂದೆ ಹೀಗೆ ಸೇರಿಕೊಂಡಿದ್ದೆ. ಮೇಜಿನ ಮೇಲೆ ಒಂದು ಲ್ಯಾಪ್‌ಟಾಪ್ ಇಟ್ಟಿದ್ದರು. ನನಗೆ ಕಂಡದ್ದು ಅಧ್ಯಕ್ಷರ ಹೆಗಲು ಮತ್ತು ಒಂದು ಹೂದಾನಿ. ಕೇಳಿದ್ದು ಸೀಲಿಂಗ್ ಫ್ಯಾನಿನ ಸದ್ದು. ಸಭಿಕರು ನಕ್ಕದ್ದು ಕೇಳಿಸುತ್ತಿತ್ತು, ಏಕೆ ನಕ್ಕರೆಂದು ತಿಳಿಯುತ್ತಿರಲಿಲ್ಲ. ಪರದೆಯ ಮೇಲೆ ಕೈ ಎತ್ತುವ ಗುರುತನ್ನು ಒತ್ತಿ ನಲವತ್ತು ನಿಮಿಷ ಕಾದೆ. ಯಾರೂ ಪರದೆಯ ಕಡೆ ನೋಡಲಿಲ್ಲ. ಕೊನೆಗೆ ವಂದನಾರ್ಪಣೆಯಲ್ಲಿ ‘ಅಮೆರಿಕದಿಂದಲೂ ಸದಸ್ಯರು ಭಾಗವಹಿಸಿದ್ದು ಸಂತೋಷದ ಸಂಗತಿ’ ಎಂದು ಹೇಳಿ ಮುಗಿಸಿದರು. ಆ ಸಭೆಯಲ್ಲಿ ನಾನು ಭಾಗವಹಿಸಿದ್ದೇನೆಂದು ನಡಾವಳಿಯಲ್ಲಿ ಬರೆದಿದೆ.

ಎರಡನೆಯ ವಿಷಯ ಹೊತ್ತಿನದು. ನಮ್ಮ ಸಂಘದ ಮಹಾಸಭೆ ಭಾನುವಾರ ಬೆಳಿಗ್ಗೆ 11ಕ್ಕೆ. ಆಗ ಇಲ್ಲಿ ಬೇಸಿಗೆಯಲ್ಲಿ ನಸುಕಿನ ಒಂದೂವರೆ ಗಂಟೆ, ಚಳಿಗಾಲದಲ್ಲಿ ಹನ್ನೆರಡೂವರೆ. ಮಸ್ಕತ್‌ನಲ್ಲಿರುವ ಗೆಳೆಯರಿಗೆ ಅದು ಬೆಳಿಗ್ಗೆ ಒಂಬತ್ತೂವರೆ, ನೋಡಲಿಕ್ಕೆ ಅನುಕೂಲದ ಹೊತ್ತೇ. ಆದರೆ ಒಮಾನ್‌ನಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ, ಭಾನುವಾರ ಅವರಿಗೆ ಕಚೇರಿಯ ದಿನ. ಶನಿವಾರ ಸಂಜೆ ಆರೂವರೆಗೆ ಇಟ್ಟುಕೊಂಡರೆ ಮಸ್ಕತ್‌ನಲ್ಲಿ ಸಂಜೆ ಐದು, ಇಲ್ಲಿ ಬೆಳಿಗ್ಗೆ ಒಂಬತ್ತು ಅಥವಾ ಎಂಟು. ಯಂತ್ರ ಯಾವುದು ಕೊಳ್ಳಬೇಕೆಂದು ಚರ್ಚಿಸುವ ಮೊದಲು ಈ ಒಂದು ಬದಲಾವಣೆಯನ್ನು ಖರ್ಚಿಲ್ಲದೆ ಮಾಡಬಹುದು.

ಊರಿನ ಹಿರಿಯ ಸದಸ್ಯ, ಮಾಜಿ ಖಜಾಂಚಿ

ಇಲ್ಲಿ ಬರೆಯುವ ಅಭ್ಯಾಸ ನನಗಿಲ್ಲ, ಮೊಮ್ಮಗನ ಕೈಯಲ್ಲಿ ಬರೆಸುತ್ತಿದ್ದೇನೆ. ನನ್ನ ವಿರೋಧವನ್ನು ಮುಚ್ಚಿಡದೆ ಹೇಳುವುದೇ ಮೇಲು.

ವಾಚನಾಲಯದ ಹೆಂಚು ಹಾರಿಹೋದಾಗ ಮಾಳಿಗೆ ಹತ್ತಿದವರು ಊರಿನವರು. ಪತ್ರಿಕೆ ಜೋಡಿಸುವುದು, ಗೆದ್ದಲು ಹತ್ತಿದ ಕಪಾಟು ಬಿಸಿಲಿಗೆ ಹಾಕುವುದು, ವಿದ್ಯುತ್ ಬಿಲ್ಲು ಕಟ್ಟಲು ಸಾಲಿನಲ್ಲಿ ನಿಲ್ಲುವುದು ಇಲ್ಲಿರುವ ಹತ್ತು ಹದಿನೈದು ಮಂದಿ. 212ರಲ್ಲಿ 134 ಮಂದಿ ಹೊರಗಿನವರು. ಅವರಿಗೆಲ್ಲ ಮನೆಯಿಂದಲೇ ಮತ ಎಂದಾದ ದಿನ, ಈ ಊರಿನ ವಾಚನಾಲಯ ಎಷ್ಟು ಗಂಟೆಗೆ ಬಾಗಿಲು ತೆರೆಯಬೇಕು ಎಂಬುದನ್ನು ಅದರ ಬಾಗಿಲನ್ನು ಹತ್ತು ವರ್ಷದಿಂದ ನೋಡದವರು ತೀರ್ಮಾನಿಸುತ್ತಾರೆ. ಹಿಂಬದಿಯ ಎಂಟು ಗುಂಟೆ ಜಾಗದ ಮೇಲೆ ಎಷ್ಟು ಜನರ ಕಣ್ಣಿದೆ ಎಂಬುದು ಕಾರ್ಯದರ್ಶಿಗಳಿಗೂ ಗೊತ್ತು.

ಇನ್ನೊಂದು ಮಾತು. ಸಭೆಯೆಂದರೆ ಮೈಕಿನ ಮುಂದೆ ಆಡುವ ಮಾತಷ್ಟೇ ಅಲ್ಲ. ವಂತಿಗೆ ಹೆಚ್ಚಿಸುವ ವಿಷಯಕ್ಕೆ ಒಂದು ವರ್ಷ ಜಗಳವೇ ಆಗಿತ್ತು. ಅದು ಬಗೆಹರಿದದ್ದು ಸಭೆಯಲ್ಲಲ್ಲ, ಊಟಕ್ಕೆ ಎದ್ದಾಗ ಜಗುಲಿಯ ಮೇಲೆ, ಎಲೆ ಅಡಿಕೆ ಹಾಕುತ್ತ. ಪರದೆಯಲ್ಲಿರುವವರಿಗೆ ಜಗುಲಿ ಇಲ್ಲ. ಅವರು ಸಭೆಯಲ್ಲಿ ಆಡಿದ ಮಾತಿಗೇ ಅಂಟಿಕೊಂಡಿರುತ್ತಾರೆ, ಅದು ಅವರ ತಪ್ಪೂ ಅಲ್ಲ.

ಪುಣೆಯ ಸದಸ್ಯೆ

ಖಜಾಂಚಿ ಮಾವನವರೇ, ನೀವು ಹಾಗೆ ಕರೆಯಬೇಡಿ ಎಂದರೂ ನನಗೆ ಬೇರೆ ಬಾಯಿ ಬರುವುದಿಲ್ಲ. ನಿಮ್ಮ ಮಾತಿನಲ್ಲಿ ಜಗುಲಿಯ ವಿಷಯ ನಿಜ. ಆದರೆ ಆ ಜಗುಲಿಯ ಮೇಲೆ ಕೂತವರಲ್ಲಿ ಎಷ್ಟು ಮಂದಿ ಹೆಂಗಸರಿದ್ದರು ಎಂದು ಒಮ್ಮೆ ನೆನಪು ಮಾಡಿಕೊಳ್ಳಿ. ನಾನು ಮದುವೆಗೆ ಮೊದಲು ಆರು ವರ್ಷ ಅದೇ ಊರಿನಲ್ಲಿದ್ದ ಸದಸ್ಯೆ. ಮಹಾಸಭೆಗೆ ಬಂದದ್ದು ಒಂದೇ ಒಂದು ಸಲ.

‘ಹೊರಗಿನವರು’ ಎಂದು ಎಣಿಸುವಾಗ ನಾವೆಲ್ಲ ಅಮೆರಿಕವನ್ನೇ ನೆನೆಯುತ್ತೇವೆ. ವಾಚನಾಲಯದಿಂದ ಮೂರು ಮನೆ ಆಚೆ ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಬರಲಾಗದ ಸದಸ್ಯೆ ಇದ್ದಾರೆ. ಮೊಣಕಾಲು ನೋವಿನಿಂದ ಮಹಡಿ ಹತ್ತಲಾರದ ಇಬ್ಬರು ನಿವೃತ್ತ ಮೇಷ್ಟ್ರುಗಳಿದ್ದಾರೆ, ಸಭೆ ನಡೆಯುವುದು ಮಹಡಿಯ ಮೇಲೆ. ಮಳೆಗಾಲದಲ್ಲಿ ಹೊಳೆಯಾಚೆಯ ಊರಿನವರಿಗೆ ಕೊನೆಯ ಬಸ್ಸು ಸಂಜೆ ಐದಕ್ಕೇ ಹೋಗಿಬಿಡುತ್ತದೆ. ಇವರೆಲ್ಲ ನಿಮ್ಮ 78ರ ಒಳಗಿನವರೇ. ಫೋನಿನಲ್ಲಿ ಸೇರಿಕೊಳ್ಳಲು ಬಿಟ್ಟರೆ ಮೊದಲು ಹೆಚ್ಚುವುದು ಊರಿನವರ ಹಾಜರಿ ಎಂಬುದು ನನ್ನ ನಂಬಿಕೆ. ಇನ್ನು ವಂತಿಗೆ: 212 ಮಂದಿಯೂ ಒಂದೇ ಮೊತ್ತ ಕಟ್ಟುತ್ತಾರೆ. ಕಟ್ಟುವಾಗ ಸದಸ್ಯರು, ಕೈ ಎತ್ತುವಾಗ ಹೊರಗಿನವರು ಎಂದರೆ ನಾವು ಊಟಕ್ಕಿಲ್ಲದ ಉಪ್ಪಿನಕಾಯಿಯಾದಂತೆ.

ಧ್ವನಿವರ್ಧಕದ ಕೆಲಸದವ, ಶಿರಸಿ ಕಡೆ

ಯಾರೂ ಕೇಳದ ಒಂದು ವಿಷಯವನ್ನು ನಾನು ಬರೆಯುತ್ತೇನೆ, ಏಕೆಂದರೆ ಇಂಥ ಸಭೆಗಳು ಕೆಡುವುದು ಅಲ್ಲೇ. ಕ್ಯಾಮೆರಾಕ್ಕೆ ಹಣ ಹಾಕಬೇಡಿ, ಧ್ವನಿಗೆ ಹಾಕಿ. ಚಿತ್ರ ಕಲಸಿಹೋದರೂ ಮಾತು ಕೇಳಿಸಿದರೆ ಸಭೆ ನಡೆಯುತ್ತದೆ. ಚಿತ್ರ ಚೆನ್ನಾಗಿದ್ದು ಮಾತು ಒಡೆದರೆ ಹತ್ತು ನಿಮಿಷದಲ್ಲಿ ಎಲ್ಲರೂ ಎದ್ದು ಹೋಗುತ್ತಾರೆ. ನ್ಯೂಜೆರ್ಸಿಯವರು ಹೇಳಿದ ಫ್ಯಾನಿನ ಸದ್ದಿಗೆ ಕಾರಣ ಇಷ್ಟೇ: ಲ್ಯಾಪ್‌ಟಾಪಿನ ಒಳಗಿನ ಮೈಕು ಎದುರಿಗೆ ಎರಡಡಿ ದೂರದಲ್ಲಿ ಕೂತ ಒಬ್ಬರ ಮಾತಿಗಾಗಿ ಮಾಡಿದ್ದು. ಅದು ಸಭಾಭವನದಲ್ಲಿ ಹತ್ತಿರದ ಸದ್ದನ್ನೆಲ್ಲ ಹಿಡಿದು ದೂರದ ಮಾತನ್ನು ಬಿಡುತ್ತದೆ.

ನಿಮ್ಮ ಸಭಾಭವನದಲ್ಲಿ ಈಗಾಗಲೇ ಮಿಕ್ಸರ್ (ಮೈಕುಗಳ ಧ್ವನಿಯನ್ನು ಕೂಡಿಸಿ ಹೆಚ್ಚುಕಡಿಮೆ ಮಾಡುವ ಪೆಟ್ಟಿಗೆ) ಮತ್ತು ಎರಡು ಮೈಕು ಇದ್ದೇ ಇರುತ್ತವೆ. ಮಿಕ್ಸರ್‌ನ ಹೊರಹೋಗುವ ತಂತಿಯನ್ನು ಒಂದು ಸಣ್ಣ ಯುಎಸ್‌ಬಿ ಆಡಿಯೊ ಪೆಟ್ಟಿಗೆಯ ಮೂಲಕ ಲ್ಯಾಪ್‌ಟಾಪಿಗೆ ಕೊಡಿ. ಹಾಗೆಯೇ ಲ್ಯಾಪ್‌ಟಾಪಿನಿಂದ ಬರುವ ದೂರದವರ ಧ್ವನಿಯನ್ನು ಮಿಕ್ಸರ್‌ನ ಒಂದು ಚಾನೆಲ್ಲಿಗೆ ತಂದು ಭವನದ ಸ್ಪೀಕರ್‌ಗೆ ಬಿಡಿ. ಇಲ್ಲೊಂದು ಎಚ್ಚರಿಕೆ ಬೇಕು. ದೂರದಿಂದ ಬಂದ ಧ್ವನಿ ಮತ್ತೆ ದೂರಕ್ಕೇ ಹೋಗದಂತೆ, ಲ್ಯಾಪ್‌ಟಾಪಿಗೆ ಹೋಗುವ ದಾರಿಯಲ್ಲಿ ಆ ಒಂದು ಚಾನೆಲ್ಲನ್ನು ಪೂರ್ತಿ ಇಳಿಸಿರಬೇಕು. ಇದಕ್ಕೆ ಮಿಕ್ಸರ್‌ನ ‘ಆಕ್ಸ್’ ಗುಬುಟನ್ನು ಬಳಸುತ್ತೇವೆ. ಇದನ್ನು ಮರೆತರೆ ದೂರದಲ್ಲಿ ಮಾತನಾಡುವವರಿಗೆ ತಮ್ಮ ಮಾತೇ ಅರ್ಧ ಸೆಕೆಂಡು ತಡವಾಗಿ ಕಿವಿಗೆ ಬೀಳುತ್ತದೆ, ಎಂಥ ಭಾಷಣಕಾರರಾದರೂ ತೊದಲುತ್ತಾರೆ. ಭವನದೊಳಗೆ ಕೂತ ಯಾರಾದರೂ ಕುತೂಹಲಕ್ಕೆ ತಮ್ಮ ಮೊಬೈಲಿನಲ್ಲೂ ಅದೇ ಸಭೆಗೆ ಸೇರಿಕೊಂಡರೆ ಕೂಗು ಹುಟ್ಟುತ್ತದೆ. ಮೊದಲೇ ಹೇಳಿ ತಡೆಯಿರಿ.

ಭವನದಲ್ಲಿ ಕೂತವರು ಮಾತನಾಡುವಾಗ ಮೈಕು ಹಿಡಿದೇ ಮಾತನಾಡಬೇಕು. ‘ನನಗೆ ಮೈಕು ಬೇಡ, ನನ್ನ ಗಂಟಲು ಚೆನ್ನಾಗಿದೆ’ ಎನ್ನುವ ಹಿರಿಯರು ಪ್ರತಿ ಸಭೆಯಲ್ಲೂ ಇಬ್ಬರಿರುತ್ತಾರೆ. ಅವರ ಗಂಟಲು ಪುಣೆಯವರೆಗೆ ಕೇಳುವುದಿಲ್ಲ. ಮೈಕು ಒಯ್ದು ಕೊಡಲು ಇಬ್ಬರು ಹುಡುಗರನ್ನು ನಿಲ್ಲಿಸಿ.

ಸಂಪರ್ಕಕ್ಕೆ ವೈಫೈ ನಂಬದೆ ರೂಟರ್‌ನಿಂದ ನೇರ ತಂತಿ ಎಳೆಯಿರಿ. ರೂಟರ್‌ಗೂ ಮಿಕ್ಸರ್‌ಗೂ ಯುಪಿಎಸ್ ಇರಲಿ. ಮಳೆಗಾಲದಲ್ಲಿ ಕರೆಂಟು ಹೋಗುವುದನ್ನು ನಾನು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಬೇರೆ ಕಂಪನಿಯ ಸಿಮ್ ಇರುವ ಒಂದು ಮೊಬೈಲನ್ನು ಹಾಟ್‌ಸ್ಪಾಟ್‌ಗೆಂದು ಸಿದ್ಧವಾಗಿಡಿ. ಸಂಪರ್ಕ ಬಡವಾದರೆ ವಿಡಿಯೊ ನಿಲ್ಲಿಸಿ ಧ್ವನಿಯನ್ನಷ್ಟೇ ಉಳಿಸಿಕೊಳ್ಳಿ. ಒಬ್ಬರ ಧ್ವನಿಗೆ ಸೆಕೆಂಡಿಗೆ 100 ಕಿಲೋಬಿಟ್ ಸಾಕು, ಒಳ್ಳೆಯ ವಿಡಿಯೊಕ್ಕೆ ಅದರ ಹತ್ತಿಪ್ಪತ್ತು ಪಟ್ಟು ಬೇಕು.

ತಂತ್ರಾಂಶ ಅಭಿವೃದ್ಧಿಯಲ್ಲಿರುವವ, ಬೆಂಗಳೂರು

ಧ್ವನಿಯವರು ಬರೆದದ್ದನ್ನು ಮುದ್ರಿಸಿ ಮಿಕ್ಸರ್‌ಗೆ ಅಂಟಿಸಬೇಕು. ತಂತ್ರಾಂಶದ ಆಯ್ಕೆಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಜೂಮ್‌ನ ಉಚಿತ ಖಾತೆಯಲ್ಲಿ ಸಭೆಗೆ 40 ನಿಮಿಷ, ನೂರು ಜನ ಎಂಬ ಮಿತಿಯಿದೆ; ಮಹಾಸಭೆಗೆ ಒಂದು ತಿಂಗಳ ಚಂದಾ ಕಟ್ಟಿ ಮುಗಿಸಬಹುದು. ಮುಕ್ತ ತಂತ್ರಾಂಶವೇ ಬೇಕೆಂದರೆ 2003ರಲ್ಲಿ ಸ್ಟ್ರಾಸ್‌ಬರ್ಗ್‌ನ ವಿದ್ಯಾರ್ಥಿಯೊಬ್ಬರ ಯೋಜನೆಯಾಗಿ ಹುಟ್ಟಿದ ಜಿಟ್ಸಿ ಇದೆ, ತರಗತಿಗಳಿಗಾಗಿ ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ 2007ರಲ್ಲಿ ಆರಂಭವಾದ ಬಿಗ್‌ಬ್ಲೂಬಟನ್ ಇದೆ. ಜಿಟ್ಸಿಯ ಸಾರ್ವಜನಿಕ ತಾಣದಲ್ಲಿ ಸಭೆ ಆರಂಭಿಸುವವರು 2023ರಿಂದ ಲಾಗಿನ್ ಆಗಬೇಕು, ಉಳಿದವರು ಹಾಗೆಯೇ ಬರಬಹುದು. ಯಾವುದನ್ನು ಆರಿಸಿದರೂ ಎರಡು ವಾರ ಮೊದಲು ಒಂದು ತಾಲೀಮು ನಡೆಸಿ.

ನಾನು ಒತ್ತಿ ಹೇಳಬೇಕೆಂದಿರುವುದು ಮತದಾನದ ಬಗ್ಗೆ. ಇಲ್ಲಿ ಎರಡು ಬಗೆಯ ಮತಗಳಿವೆ. ಲೆಕ್ಕಪತ್ರ ಒಪ್ಪುವುದು, ವಂತಿಗೆ ನಿಗದಿಪಡಿಸುವುದು ಇವಕ್ಕೆ ಕೈ ಎತ್ತುವುದೇ ರೂಢಿ. ಯಾರು ಯಾವ ಕಡೆ ಎಂಬುದು ಎಲ್ಲರಿಗೂ ಕಾಣುತ್ತದೆ. ಇದನ್ನು ದೂರದವರಿಗೂ ವಿಸ್ತರಿಸುವುದು ಸುಲಭ. ಸದಸ್ಯರ ಪಟ್ಟಿ ಹಿಡಿದು, ಹೆಸರು ಕರೆದು, ‘ಪರ’, ‘ವಿರೋಧ’, ‘ತಟಸ್ಥ’ ಎಂದು ಬಾಯಲ್ಲೇ ಹೇಳಿಸಿ ಬರೆದುಕೊಳ್ಳಿ. ಮೂವತ್ತು ಜನರಿಗೆ ಐದು ನಿಮಿಷ ಸಾಕು. ಸಭೆಯ ತಂತ್ರಾಂಶದಲ್ಲಿರುವ ‘ಪೋಲ್’ ಗುಂಡಿಯನ್ನು ಇದಕ್ಕೆ ಬಳಸಬೇಡಿ. ಕೊಂಡಿಯನ್ನು ಸದಸ್ಯರಲ್ಲದ ತಮ್ಮನಿಗೆ ಯಾರೋ ಕಳಿಸಿರುತ್ತಾರೆ. ಗಂಡ ಹೆಂಡತಿ ಇಬ್ಬರೂ ಸದಸ್ಯರಾಗಿದ್ದು ಒಂದೇ ಮೊಬೈಲಿನಲ್ಲಿ ಕೂತಿರುತ್ತಾರೆ, ಅಲ್ಲಿಗೆ ಎರಡು ಮತ ಒಂದಾಗುತ್ತದೆ. ಕಾಯುವ ಕೋಣೆಯ ವ್ಯವಸ್ಥೆಯನ್ನು ಹಾಕಿಟ್ಟು, ಪಟ್ಟಿಯಲ್ಲಿ ಹೆಸರು ನೋಡಿ, ಒಬ್ಬೊಬ್ಬರನ್ನೇ ಒಳಗೆ ಬಿಡಿ.

ಪದಾಧಿಕಾರಿಗಳ ಚುನಾವಣೆ ಗುಪ್ತ ಮತದಾನವಾದ್ದರಿಂದ ಅದು ಬೇರೆಯೇ ಕಥೆ. ಮತ ಹಾಕಿದವರು ಸದಸ್ಯರೇ ಎಂಬುದು ಖಚಿತವಾಗಬೇಕು, ಯಾರಿಗೆ ಹಾಕಿದರೆಂಬುದು ತಿಳಿಯಬಾರದು. ಇದಕ್ಕೆಂದೇ ಹೆಲಿಯೋಸ್ ಎಂಬ ಮುಕ್ತ ತಂತ್ರಾಂಶವಿದೆ. ಗೂಢಲಿಪಿ ಶಾಸ್ತ್ರದ ವಿದ್ವಾಂಸರ ಅಂತರರಾಷ್ಟ್ರೀಯ ಸಂಘವು 2010ರಿಂದ ತನ್ನ ಪದಾಧಿಕಾರಿಗಳನ್ನು ಅದರಲ್ಲೇ ಚುನಾಯಿಸುತ್ತಿದೆ. ಅಲ್ಲಿ ಮತಪೆಟ್ಟಿಗೆಗೆ ಮೂರು ಕೀಲಿ. ಮೂವರು ವಿಶ್ವಸ್ಥರ ಬಳಿ ಒಂದೊಂದು ಭಾಗ. 2025ರ ಚುನಾವಣೆಯಲ್ಲಿ ಒಬ್ಬರು ತಮ್ಮ ಕೀಲಿಯನ್ನು ಕಳೆದುಕೊಂಡರು. ಮೂರೂ ಬೇಕೆಂಬ ನಿಯಮವಿದ್ದುದರಿಂದ ಮತಗಳನ್ನು ಬಿಡಿಸಲಾಗಲಿಲ್ಲ, ಚುನಾವಣೆಯನ್ನು ಮತ್ತೆ ನಡೆಸಬೇಕಾಯಿತು. ಇನ್ನು ಮುಂದೆ ಮೂರರಲ್ಲಿ ಎರಡು ಕೀಲಿ ಸಾಕು ಎಂದು ನಿಯಮ ಬದಲಿಸಿಕೊಂಡರು. ಬೀಗ ಮಾಡುವವರ ಸಂಘದಲ್ಲೇ ಹೀಗಾದ ಮೇಲೆ, ನಮ್ಮ ವಾಚನಾಲಯಕ್ಕೆ ಚೀಟಿಯ ಪೆಟ್ಟಿಗೆ ಮತ್ತು ದೂರದವರಿಗೆ ಅಂಚೆಯ ಮತಪತ್ರವೇ ಸದ್ಯಕ್ಕೆ ಸರಿ ಎಂದು ನನ್ನ ಅಭಿಪ್ರಾಯ.

ಪಟ್ಟಣದ ಸಹಕಾರ ಸಂಘವೊಂದರ ನೌಕರ

ಇದನ್ನು ಓದುತ್ತಿರುವ ಸಹಕಾರಿಗಳಿಗೆ ಒಂದು ಸಣ್ಣ ಸೂಚನೆ. ಸಹಕಾರ ಸಂಘಗಳು 1959ರ ಬೇರೆ ಅಧಿನಿಯಮಕ್ಕೆ ಸೇರಿದವು. ವಾರ್ಷಿಕ ಮಹಾಸಭೆಯನ್ನು ಸೆಪ್ಟೆಂಬರ್ 25ರೊಳಗೆ ಮುಗಿಸಬೇಕೆಂಬಂಥ ಕಟ್ಟುಗಳು ನಮಗಿವೆ. ಗ್ರಂಥಾಲಯ ಸಂಘಕ್ಕೆ ಇಲ್ಲಿ ಕೊಟ್ಟ ಸಲಹೆಯನ್ನು ನೀವು ಹಾಗೆಯೇ ಎತ್ತಿಕೊಳ್ಳಬೇಡಿ, ನಿಮ್ಮ ನಿಬಂಧಕರ ಕಚೇರಿಯಲ್ಲಿ ಲಿಖಿತವಾಗಿ ಕೇಳಿಕೊಳ್ಳಿ.

ಊರಿನ ಹಿರಿಯ ಸದಸ್ಯ, ಮಾಜಿ ಖಜಾಂಚಿ

ಪುಣೆಯ ಮಗಳು ಬರೆದದ್ದನ್ನು ಎರಡು ಸಲ ಓದಿಸಿ ಕೇಳಿದೆ. ಜಗುಲಿಯ ಮೇಲೆ ಹೆಂಗಸರು ಇರಲಿಲ್ಲ, ಅದು ಹೌದು. ಹೊಳೆಯಾಚೆಯವರ ಬಸ್ಸಿನ ಮಾತೂ ಹೌದು. ಕೇಳುವುದಕ್ಕೆ, ಮಾತನಾಡುವುದಕ್ಕೆ ನನ್ನ ಅಡ್ಡಿಯಿಲ್ಲ. ಲೆಕ್ಕಪತ್ರಕ್ಕೆ ಮತ ಹಾಕಿದರೂ ಅಡ್ಡಿಯಿಲ್ಲ. ಆದರೆ ಜಾಗ ಮಾರುವ, ಕಟ್ಟಡ ಒಡೆಯುವ ವಿಷಯಕ್ಕೆ ಊರಿನವರ ಒಪ್ಪಿಗೆ ಬೇಕೇ ಬೇಕು ಎಂದು ಬರೆಯಬೇಕು. ಮತ್ತೊಂದು ಸಂಶಯ. ಮತ ಎಣಿಸುತ್ತಿರುವಾಗ ನೆಟ್‌ವರ್ಕ್ ಹೋದರೆ ಏನು ಗತಿ? ಎಂಬತ್ತು ಜನ ಇದ್ದಲ್ಲಿ ಐವತ್ತು ಜನ ಮಾಯವಾದರೆ ಅದು ಸಭೆಯೇ?

ನಿವೃತ್ತ ಲೆಕ್ಕಪರಿಶೋಧಕ, ಮೈಸೂರು

ಹಿರಿಯರು ಸರಿಯಾದ ಜಾಗದಲ್ಲೇ ಬೆರಳಿಟ್ಟರು. ನೆಟ್‌ವರ್ಕ್ ಹೋಗುವುದರಲ್ಲಿ ಎರಡು ಬಗೆಯಿದೆ, ಬೈಲಾದಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಬರೆಯಬೇಕು. ಒಬ್ಬ ಸದಸ್ಯರ ಮನೆಯಲ್ಲಿ ಸಂಪರ್ಕ ತಪ್ಪಿದರೆ ಅದು ಅವರ ಹೊಣೆ. ದಾರಿಯಲ್ಲಿ ಬಸ್ಸು ಕೆಟ್ಟು ಸಭೆ ತಪ್ಪಿಸಿಕೊಂಡವರಂತೆಯೇ ಅವರೂ. ಅದರಿಂದ ನಿರ್ಣಯ ಅಸಿಂಧುವಾಗಬಾರದು. ಆದರೆ ಸಭಾಭವನದ ಸಂಪರ್ಕವೇ ತಪ್ಪಿ ದೂರದವರೆಲ್ಲ ಒಟ್ಟಿಗೆ ಹೊರಬಿದ್ದರೆ, ಅಧ್ಯಕ್ಷರು ಸಭೆಯನ್ನು ಹದಿನೈದು ನಿಮಿಷ ತಡೆಹಿಡಿಯಬೇಕು. ಅಷ್ಟರಲ್ಲಿ ಸರಿಹೋಗದಿದ್ದರೆ, ಭವನದಲ್ಲಿ ಕೂತವರಷ್ಟೇ ಕೋರಂಗೆ ಸಾಲುತ್ತಾರೋ ಎಂದು ಎಣಿಸಿ, ಸಾಲದಿದ್ದರೆ ಉಳಿದ ವಿಷಯಗಳನ್ನು ಇನ್ನೊಂದು ದಿನಕ್ಕೆ ಇಡಬೇಕು. ಇಲ್ಲಿ ಹಳೆಯ ಅರ್ಧ ಗಂಟೆಯ ನಿಯಮವನ್ನು ತಂದು ‘ಇರುವವರೇ ಕೋರಂ’ ಎಂದು ಮುಂದುವರಿಯಲು ಬಿಡಬಾರದು. ಬಿಟ್ಟರೆ, ಬೇಡದ ಮತಗಳು ಬರುತ್ತಿವೆ ಎನಿಸಿದಾಗ ರೂಟರ್‌ನ ತಂತಿ ಕೀಳುವ ಪುಣ್ಯಾತ್ಮರೂ ಹುಟ್ಟುತ್ತಾರೆ.

ಜಾಗದ ವಿಷಯದಲ್ಲಿ ಊರಿನ ಸದಸ್ಯರು, ಪರಊರಿನ ಸದಸ್ಯರು ಎಂದು ಎರಡು ದರ್ಜೆ ಮಾಡುವುದನ್ನು ನಾನು ಒಪ್ಪಲಾರೆ. ಒಂದೇ ವಂತಿಗೆ ಕಟ್ಟುವವರಲ್ಲಿ ಅಂಥ ಭೇದ ವ್ಯಾಜ್ಯಕ್ಕೆ ಬಿತ್ತನೆ. ಬದಲಾಗಿ ಹೀಗೆ ಮಾಡಬಹುದು: ಸ್ಥಿರಾಸ್ತಿಯ ಮಾರಾಟ, ಅಡಮಾನ ಮತ್ತು ಸಂಘದ ವಿಸರ್ಜನೆ ಈ ವಿಷಯಗಳಿಗೆ, ಒಟ್ಟು ಕೋರಂ ಜೊತೆಗೆ, ಸಭಾಭವನದಲ್ಲಿ ಖುದ್ದು ಕೂತವರು ಇಂತಿಷ್ಟು ಮಂದಿ ಇರಲೇಬೇಕು ಎನ್ನಿ. ಅವರು ಯಾವ ಊರಿನವರಾದರೂ ಆಗಲಿ. ಜಾಗ ಮಾರಬೇಕೆಂಬ ಆಸೆ ಅಷ್ಟಿದ್ದರೆ ರೈಲು ಹತ್ತಿ ಬರಲಿ.

ಉಳಿದ ಎರಡು ಮಾತು ಚುಟುಕಾಗಿ. ಸಭಾ ನೋಟಿಸನ್ನು ಇ-ಮೇಲ್‌ನಲ್ಲಿ ಕಳಿಸಲು ಬೈಲಾದಲ್ಲಿ ಒಂದು ಸಾಲು ಸೇರಿಸಿ. ಬರಹದಲ್ಲಿರಬೇಕೆಂದು ಕಾನೂನು ಹೇಳುವಲ್ಲಿ ವಿದ್ಯುನ್ಮಾನ ದಾಖಲೆಯೂ ಸಲ್ಲುತ್ತದೆ ಎಂದು ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 4ನೆಯ ಪ್ರಕರಣ ಹೇಳುತ್ತದೆ. ಆದರೂ ಇ-ಮೇಲ್ ಇಲ್ಲದವರಿಗೆ ಅಂಚೆ ನಿಲ್ಲಬಾರದು. ಸಭೆಯನ್ನು ಧ್ವನಿಮುದ್ರಿಸುವುದಾದರೆ ಆರಂಭದಲ್ಲೇ ಎಲ್ಲರಿಗೂ ತಿಳಿಸಿ ಒಪ್ಪಿಗೆ ಪಡೆಯಿರಿ, ನಡಾವಳಿ ಅಂಗೀಕಾರವಾದ ಮೇಲೆ ಅದನ್ನು ಅಳಿಸುವ ನಿಯಮವಿರಲಿ. ದಾಖಲೆ ಎಂದರೆ ಅಧ್ಯಕ್ಷರು ಸಹಿ ಮಾಡಿದ ನಡಾವಳಿಯೇ.

ನ್ಯೂಜೆರ್ಸಿಯ ಸದಸ್ಯ

ರೈಲು ಹತ್ತುವ ಷರತ್ತು ನನಗೆ ಒಪ್ಪಿಗೆ, ವಿಮಾನವನ್ನೂ ಹತ್ತಬೇಕಾದೀತು. ಒಂದು ಸಲಹೆಯನ್ನು ಮಾತ್ರ ದಯವಿಟ್ಟು ಬೈಲಾದಲ್ಲಿ ಇಲ್ಲವೇ ಸಭಾ ನಿಯಮದಲ್ಲಿ ಸೇರಿಸಬೇಕು. ಸಭಾಭವನದಲ್ಲಿ ಒಬ್ಬ ಸದಸ್ಯರಿಗೆ ಪರದೆಯನ್ನು ನೋಡುತ್ತಿರುವುದೇ ಕೆಲಸವಾಗಿರಲಿ. ಕಂಪ್ಯೂಟರ್ ನಡೆಸುವ ಹುಡುಗ ಆ ಕೆಲಸಕ್ಕೆ ಸಾಲದು, ಅವನಿಗೆ ತಂತಿಗಳದ್ದೇ ಚಿಂತೆ. ಅಧ್ಯಕ್ಷರ ಪಕ್ಕದಲ್ಲಿ ಕೂತು, ‘ಪುಣೆಯವರು ಕೈ ಎತ್ತಿದ್ದಾರೆ’ ಎಂದು ಮಾತಿನ ನಡುವೆ ಹೇಳುವ ಧೈರ್ಯವಿರುವ ಒಬ್ಬರು ಬೇಕು. ಮಾತಿಗೆ ಕರೆಯುವಾಗ ಭವನದಿಂದ ಒಬ್ಬರು, ಪರದೆಯಿಂದ ಒಬ್ಬರು ಎಂದು ಸರದಿ ಇಟ್ಟರೆ ಇನ್ನೂ ಒಳ್ಳೆಯದು.

ಕಾರ್ಯದರ್ಶಿ, ಮಲೆನಾಡಿನ ಒಂದು ಗ್ರಂಥಾಲಯ ಸಂಘ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಕಾರ್ಯಕಾರಿ ಸಮಿತಿ ಕೂಡಿತ್ತು. ಈ ವರ್ಷದ ಮಹಾಸಭೆಯನ್ನು ಶನಿವಾರ ಸಂಜೆ ಆರೂವರೆಗೆ, ಮಹಡಿಯ ಬದಲು ಕೆಳಗಿನ ವಾಚನಾಲಯದಲ್ಲೇ ಇಡಲು ಒಪ್ಪಿದ್ದೇವೆ. ಅಂದು ದೂರದವರು ಕೇಳಬಹುದು, ಮಾತನಾಡಬಹುದು. ಕೋರಂಗೂ ಮತಕ್ಕೂ ಭವನದಲ್ಲಿರುವವರು ಮಾತ್ರ. ಹೊಳೆಯಾಚೆಯಿಂದ ಬರುವವರಿಗೆ ಹಿಂದಿರುಗಲು ಜೀಪಿನ ವ್ಯವಸ್ಥೆ ಮಾಡುತ್ತೇವೆ, ಏಕೆಂದರೆ ಅದೇ ಸಭೆಯಲ್ಲಿ ಈ ತಿದ್ದುಪಡಿಯನ್ನು ಮಂಡಿಸುವುದಿದೆ, ಅದಕ್ಕೆ ಅರ್ಧ ಗಂಟೆಯ ಕೋರಂ ನಮಗೆ ಬೇಡ:

‘ಸಭಾಭವನದಲ್ಲಿ ಖುದ್ದು ಉಪಸ್ಥಿತರಿರುವ ಸದಸ್ಯರು, ಹಾಗೂ ಸಭೆಯ ಮಾತನ್ನು ಕೇಳಲು ಮತ್ತು ಸಭೆಗೆ ತಮ್ಮ ಮಾತನ್ನು ಕೇಳಿಸಲು ಏಕಕಾಲದಲ್ಲಿ ಸಾಧ್ಯವಾಗುವಂತೆ ವಿಡಿಯೊ ಅಥವಾ ದೂರವಾಣಿ ಸಂಪರ್ಕದ ಮೂಲಕ ಸೇರಿಕೊಂಡು, ಸದಸ್ಯರ ಪಟ್ಟಿಯೊಡನೆ ತಾಳೆ ನೋಡಿ ಹಾಜರಾತಿ ಪುಸ್ತಕದಲ್ಲಿ ಕಾರ್ಯದರ್ಶಿಯು ಹೆಸರು ದಾಖಲಿಸಿದ ಸದಸ್ಯರು, ಇಬ್ಬರೂ ಸಭೆಗೆ ವರ್ಚುವಲ್ ಅಥವಾ ಭೌತಿಕವಾಗಿ ಹಾಜರಿದ್ದಾರೆಂದು ಪರಿಗಣಿಸತಕ್ಕದ್ದು. ಸ್ಥಿರಾಸ್ತಿಯ ಪರಭಾರೆ, ಅಡಮಾನ ಹಾಗೂ ಸಂಘದ ವಿಸರ್ಜನೆಯ ನಿರ್ಣಯಗಳಿಗೆ ಸಭಾಭವನದಲ್ಲಿ ಕನಿಷ್ಠ 30 ಸದಸ್ಯರು ಉಪಸ್ಥಿತರಿರತಕ್ಕದ್ದು. ಪದಾಧಿಕಾರಿಗಳ ಚುನಾವಣೆಯು ಮತಪೆಟ್ಟಿಗೆ ಮತ್ತು ಅಂಚೆ ಮತಪತ್ರದ ಮೂಲಕವೇ ನಡೆಯತಕ್ಕದ್ದು.’

ಸಂಪರ್ಕ ತಪ್ಪಿದಾಗಿನ ನಿಯಮವನ್ನು ಲೆಕ್ಕಪರಿಶೋಧಕರು ಹೇಳಿದಂತೆಯೇ ಪ್ರತ್ಯೇಕ ಉಪನಿಯಮವಾಗಿ ಬರೆದಿದ್ದೇವೆ. ಪರದೆ ನೋಡುವ ಕೆಲಸಕ್ಕೆ ಇನ್ನೂ ಹೆಸರು ಸಿಕ್ಕಿಲ್ಲ.

ಊರಿನ ಹಿರಿಯ ಸದಸ್ಯ, ಮಾಜಿ ಖಜಾಂಚಿ

‘ವರ್ಚುವಲ್ ಅಥವಾ ಭೌತಿಕವಾಗಿ’ ಎಂಬ ಮೂರು ಪದ ತೆಗೆದುಹಾಕಿ. ‘ಹಾಜರಿದ್ದಾರೆಂದು’ ಎಂದರೆ ಸಾಕು. ‘ಇಬ್ಬರೂ’ ಎಂಬುದನ್ನು ‘ಎರಡೂ ಬಗೆಯ ಸದಸ್ಯರು’ ಎಂದು ತಿದ್ದಿ, ಇಲ್ಲದಿದ್ದರೆ ಸಭೆಗೆ ಇಬ್ಬರೇ ಬಂದಿದ್ದರು ಎಂದಾಗುತ್ತದೆ. ಸ್ಮಾರ್ಟ್‌ಫೋನ್ ಇಲ್ಲದವರು ಡಯಲ್ ಮಾಡಿ ಸೇರುವ ನಂಬರನ್ನು ನೋಟಿಸಿನಲ್ಲಿ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ. ಇಷ್ಟು ತಿದ್ದಿದರೆ ಠರಾವಿಗೆ ಅನುಮೋದಕನಾಗಿ ನನ್ನ ಹೆಸರು ಬರೆದುಕೊಳ್ಳಬಹುದು.

ಪರದೆ ನೋಡುವುದಕ್ಕೆ ನಾನು ಕೂರುತ್ತೇನೆ. ಅಧ್ಯಕ್ಷರ ಮಾತನ್ನು ನಡುವೆ ತಡೆದು ನನಗೆ ನಲವತ್ತು ವರ್ಷದ ಅಭ್ಯಾಸವಿದೆ.